ಆರು ವಾರದಲ್ಲಿ 290 ಅಂಕ ಕುಸಿತ: ನಾನು ಆಟ ಮರೆತೆನೇ, ರೇಟಿಂಗ್‌ಗೇ ತಲೆ ಕೆಟ್ಟಿದೆಯೇ?

ಒಂಟೆಸವಾರ — ಮಂಗಳವಾರ, ರಾತ್ರಿ 1:12

ಐದು ವರ್ಷಗಳಿಂದ ಆನ್‌ಲೈನ್‌ನಲ್ಲಿ ಚೆಸ್ ಆಡುತ್ತಿದ್ದೇನೆ. ಹೆಚ್ಚಾಗಿ ಬ್ಲಿಟ್ಜ್, ಅಂದರೆ ಒಬ್ಬೊಬ್ಬರಿಗೆ ಐದೇ ನಿಮಿಷ ಸಿಗುವ ವೇಗದ ಆಟ. ಆರು ವಾರಗಳ ಹಿಂದೆ ನನ್ನ ರೇಟಿಂಗ್ (ಆಟದ ಮಟ್ಟ ಹೇಳುವ ಅಂಕ) 1480 ಮುಟ್ಟಿತ್ತು. ಕಳೆದ ವಾರ ಅದು 1190ಕ್ಕೆ ಬಿತ್ತು. ಈಗ ಏದುಸಿರು ಬಿಡುತ್ತಾ 1336ರಲ್ಲಿ ನಿಂತಿದೆ.

ಈ ಅವಧಿಯಲ್ಲಿ ನಾನು ಹೊಸದಾಗಿ ಏನನ್ನೂ ಕಲಿತಿಲ್ಲ, ಗೊತ್ತಿದ್ದುದನ್ನು ಮರೆತೂ ಇಲ್ಲ. ಒಂದು ದಿನ 1560ರ ಎದುರಾಳಿಯ ವಿರುದ್ಧ ಕುದುರೆ ಬಲಿ ಕೊಟ್ಟು, ಹದಿನಾಲ್ಕು ನಡೆ ಮುಂದಕ್ಕೆ ರಾಜನನ್ನು ಅಟ್ಟಿಸಿಕೊಂಡು ಹೋಗಿ ಗೆದ್ದೆ. ಮರುದಿನ 1205ರವನಿಗೆ ಹನ್ನೊಂದನೇ ನಡೆಯಲ್ಲಿ ಮಂತ್ರಿಯನ್ನೇ ಕೈಗೆತ್ತಿ ಕೊಟ್ಟೆ. ಎರಡೂ ಆಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಬ್ಬನೇ ಮನುಷ್ಯ ಆಡಿದ್ದು ಎಂದು ಯಾರೂ ಹೇಳುವುದಿಲ್ಲ.

ನನ್ನ ನಿಜವಾದ ಮಟ್ಟ ಯಾವುದು? ನಿಮಗೂ ಹೀಗಾಗುತ್ತದೆಯೇ, ಅಥವಾ ನನ್ನಲ್ಲೇ ಏನೋ ಕೆಟ್ಟಿದೆಯೇ?


ಇ4ಮಾತ್ರ — ಮಂಗಳವಾರ, ರಾತ್ರಿ 1:20

ಮೊದಲು ಹೋಗಿ ಮಲಗಿ. ಪ್ರಶ್ನೆ ಹಾಕಿರುವ ಹೊತ್ತಿನಲ್ಲೇ ಅರ್ಧ ಉತ್ತರ ಇದೆ.

(ನಾನೇಕೆ ಎಚ್ಚರವಾಗಿದ್ದೇನೆ ಎಂದು ಕೇಳಬೇಡಿ.)


ಕಪ್ಪುಕಾಯಿ — ಮಂಗಳವಾರ, ಬೆಳಿಗ್ಗೆ 7:45

ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಇದೆಲ್ಲ ಜಾಲತಾಣಗಳವರ ಕೈವಾಡ. ನಾಲ್ಕು ಆಟ ಸತತವಾಗಿ ಗೆದ್ದು ನೋಡಿ, ಐದನೆಯವನಾಗಿ ರಾಕ್ಷಸನೇ ಬಂದು ಕೂರುತ್ತಾನೆ. ಸೋತು ಸುಣ್ಣವಾಗಿ ಇನ್ನೇನು ಆಟ ಬಿಡಬೇಕು ಎನ್ನುವಾಗ ಒಬ್ಬ ಮುಗ್ಧನನ್ನು ಕಳುಹಿಸುತ್ತಾರೆ, ನಾವು ಮತ್ತೆ ಅಂಟಿಕೊಳ್ಳಲಿ ಎಂದು. ನಾನು ಮೂರು ವರ್ಷಗಳಿಂದ ಗಮನಿಸುತ್ತಿದ್ದೇನೆ.


ಲೆಕ್ಕಿಗ — ಮಂಗಳವಾರ, ಬೆಳಿಗ್ಗೆ 9:30

ಕಪ್ಪುಕಾಯಿಯವರೇ, ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ನೆನಪಾಯಿತು, ಕ್ಷಮಿಸಿ. ನಾಲ್ಕು ಗೆದ್ದ ಮೇಲೆ ನಿಮ್ಮ ರೇಟಿಂಗ್ ಮೂವತ್ತು ಅಂಕ ಏರಿರುತ್ತದೆ. ಸಮಬಲದವರನ್ನು ಜೋಡಿಸುವ ವ್ಯವಸ್ಥೆ ಅಷ್ಟೇ ಏರಿದವನನ್ನು ಕರೆತರುತ್ತದೆ. ಅದಕ್ಕೆ ಯಾರ ಕೈವಾಡವೂ ಬೇಕಿಲ್ಲ.

ಈಗ ಒಂಟೆಸವಾರರ ಪ್ರಶ್ನೆ. ಸ್ವಲ್ಪ ಲೆಕ್ಕ ಹಾಕೋಣ, ಯಾರಿಗೂ ನೋವಾಗದಷ್ಟು.

ಸಮಬಲದ ಎದುರಾಳಿಯ ವಿರುದ್ಧ ಗೆದ್ದರೆ 8 ಅಂಕ ಬರುತ್ತದೆ, ಸೋತರೆ 8 ಹೋಗುತ್ತದೆ ಎಂದಿಟ್ಟುಕೊಳ್ಳಿ. ಐದು ನಿಮಿಷದ ಆಟದಲ್ಲಿ ಡ್ರಾ ಕಡಿಮೆ, ಬಿಟ್ಟುಬಿಡೋಣ. ನಿಮ್ಮ ಆಟ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಪ್ರತಿ ಆಟವೂ ನಾಣ್ಯ ಚಿಮ್ಮಿದಂತೆ ಎಂದು ಭಾವಿಸಿ. ಹಾಗಿದ್ದರೂ ನೂರು ಆಟಗಳಲ್ಲಿ ಎಲ್ಲಾದರೊಂದು ಕಡೆ ಸತತ ಐದು ಸೋಲು ಬರುವ ಸಾಧ್ಯತೆ ಶೇಕಡಾ 81. ಸತತ ಏಳು ಸೋಲು ಬರುವ ಸಾಧ್ಯತೆ ಶೇಕಡಾ 32ರ ಹತ್ತಿರ. ನೀವು ಆರು ವಾರದಲ್ಲಿ ಎಷ್ಟು ಆಡಿದ್ದೀರೋ ಗೊತ್ತಿಲ್ಲ. ಇನ್ನೂರು ದಾಟಿದ್ದರೆ ಏಳು ಸೋಲಿನ ಸರಪಳಿ ಸಿಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ಆದರೆ ರೇಟಿಂಗ್ ಅಂಕೆಯಿಲ್ಲದೆ ಅಲೆಯುವುದಿಲ್ಲ. ನಿಮ್ಮ ನಿಜ ಮಟ್ಟಕ್ಕೆ ಕಟ್ಟಿದ ರಬ್ಬರ್ ದಾರವೊಂದು ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಕೆಳಗಿಳಿದಾಗ ಸಿಗುವ ಎದುರಾಳಿಗಳು ನಿಮಗಿಂತ ದುರ್ಬಲರು, ಆದ್ದರಿಂದ ಗೆಲುವು ಹೆಚ್ಚುತ್ತದೆ. ಈ ದಾರ ಬಹಳ ಸಡಿಲ. ಒಂದು ಆಟಕ್ಕೆ 8 ಅಂಕದ ಲೆಕ್ಕದಲ್ಲಿ, ಕಳೆದುಕೊಂಡದ್ದರ ಅರ್ಧ ಮರಳಿ ಬರಲು ಸರಾಸರಿ ಮೂವತ್ತು ಆಟ ಬೇಕು. ಎಳೆತವನ್ನೂ ಚಿಮ್ಮುವಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಎಂಬ ಅಳತೆ) ಸುಮಾರು 37 ಅಂಕ ಬರುತ್ತದೆ. ಅಂದರೆ ಏನೂ ಬದಲಾಗದ ಆಟಗಾರನೂ ಅದರ ಎರಡರಷ್ಟು, ತನ್ನ ಸರಾಸರಿಯಿಂದ 75 ಅಂಕ ಮೇಲೆ, 75 ಅಂಕ ಕೆಳಗೆ ಓಡಾಡಿಕೊಂಡಿರುತ್ತಾನೆ. ತುದಿಯಿಂದ ತಳಕ್ಕೆ 150. ಅಷ್ಟರವರೆಗಿನ ಏರಿಳಿತಕ್ಕೆ ಕಾರಣ ಹುಡುಕುವುದು ವ್ಯರ್ಥ.

ನಿಮ್ಮದು 290. ಅದು ಬೇರೆ ಮಾತು. ಒಂದು ವಿಷಯ ಹೇಳಿ: ಕಳೆದ ಒಂದು ವರ್ಷದ ಸರಾಸರಿ ಎಷ್ಟು? 1480 ಅಲ್ಲ, ಸರಾಸರಿ.


ಒಂಟೆಸವಾರ — ಮಂಗಳವಾರ, ಮಧ್ಯಾಹ್ನ 1:05

ಈಗಷ್ಟೇ ನಕ್ಷೆ ತೆಗೆದು ನೋಡಿದೆ. ಒಂದು ವರ್ಷದ ಸರಾಸರಿ 1390ರ ಆಸುಪಾಸಿನಲ್ಲಿದೆ. ಸ್ವಲ್ಪ ನಾಚಿಕೆಯಾಯಿತು. ಯಾರಾದರೂ ಕೇಳಿದರೆ ನಾನು 1480 ಎಂದೇ ಹೇಳಿಕೊಂಡು ಬಂದಿದ್ದೇನೆ.


ಲೆಕ್ಕಿಗ — ಮಂಗಳವಾರ, ಮಧ್ಯಾಹ್ನ 1:40

ಎಲ್ಲರೂ ಹಾಗೆಯೇ. ಏರಿದ ಅತಿ ಎತ್ತರದ ಅಂಕಿಯನ್ನು ನಾವು ನಮ್ಮ ವಿಳಾಸ ಮಾಡಿಕೊಳ್ಳುತ್ತೇವೆ, ಉಳಿದ ವರ್ಷವಿಡೀ ಮನೆ ಬಿಟ್ಟು ಬಂದವರಂತೆ ಕೊರಗುತ್ತೇವೆ.

1390ರಿಂದ ನೋಡಿದರೆ 1480 ಎಂದರೆ 90 ಮೇಲೆ. ಅದೃಷ್ಟದ ಒಂದು ವಾರ ಸಾಕು. ಈಗಿನ 1336 ಎಂದರೆ 54 ಕೆಳಗೆ, ತೀರಾ ಸಾಮಾನ್ಯ. ಆದರೆ 1190 ಎಂದರೆ 200 ಕೆಳಗೆ. ಅದು ನಾಣ್ಯದ ಕೆಲಸವಲ್ಲ. ಅಲ್ಲಿ ನೀವು ಬೇರೆ ರೀತಿ ಆಡಿದ್ದೀರಿ.


ಹಳೇಗಡಿಯಾರ — ಮಂಗಳವಾರ, ಸಂಜೆ 6:15

ನಾನು ಮಣೆಯ ಮುಂದೆ ಕೂತು ಆಡುವ ಪೀಳಿಗೆಯವನು, ಬ್ಲಿಟ್ಜ್ ನನಗೆ ಆಗಿಬರುವುದಿಲ್ಲ. ಆದರೂ ಈ ಚರ್ಚೆ ಹಳೆಯದು ಎಂಬುದಕ್ಕಾಗಿ ಬರೆಯುತ್ತಿದ್ದೇನೆ.

ರೇಟಿಂಗ್ ಪದ್ಧತಿಯನ್ನು ರೂಪಿಸಿದ ಆರ್ಪಾಡ್ ಎಲೊ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅವರ ಪದ್ಧತಿಯನ್ನು ಒಪ್ಪಿಕೊಂಡಿತು. ಎಲೊ ತಮ್ಮ ಅಳತೆಯ ಬಗ್ಗೆ ದೊಡ್ಡ ಭ್ರಮೆ ಇಟ್ಟುಕೊಂಡವರಲ್ಲ. ಕಲಕಿದ ನೀರಿನ ಮೇಲೆ ಏಳುತ್ತ ಬೀಳುತ್ತ ತೇಲುವ ಬೆಂಡಿನ ಎತ್ತರವನ್ನು, ಗಾಳಿಗೆ ಓಲಾಡುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆದಂತೆ ಎಂದು ಅವರೇ ಹೋಲಿಸಿದ್ದರು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಒಬ್ಬನೇ ಆಟಗಾರನ ಒಂದೊಂದು ಆಟದ ಮಟ್ಟ ಅವನ ಸರಾಸರಿಯ ಸುತ್ತ 200 ಅಂಕದ ಮಾನಕ ವಿಚಲನೆಯಲ್ಲಿ ಹರಡಿರುತ್ತದೆ ಎಂದು ಎಲೊ ಹಿಡಿದಿದ್ದರು. ಲೆಕ್ಕಿಗರು ತಿದ್ದಲಿ, ಆದರೆ ಇದರ ಅರ್ಥ ಮೂರು ಆಟಗಳಲ್ಲಿ ಒಂದರಲ್ಲಿ ನೀವು 200ಕ್ಕಿಂತ ಹೆಚ್ಚು ಆಚೀಚೆ ಆಡುತ್ತೀರಿ. 1390ರವನು ಒಂದು ದಿನ 1600ರವನಂತೆ, ಮರುದಿನ 1190ರವನಂತೆ ಆಡುವುದು ಸೂತ್ರದ ಹೊಟ್ಟೆಯಲ್ಲೇ ಇದೆ. ಕುದುರೆ ಬಲಿ ಕೊಟ್ಟು ಗೆದ್ದವರೂ ನೀವೇ, ಮಂತ್ರಿ ಕೊಟ್ಟವರೂ ನೀವೇ. ಎರಡನೆಯವರನ್ನು ಮನೆಯಿಂದ ಹೊರಗೆ ಹಾಕಲು ಬರುವುದಿಲ್ಲ.


ಲೆಕ್ಕಿಗ — ಮಂಗಳವಾರ, ಸಂಜೆ 6:32

ತಿದ್ದುವುದೇನೂ ಇಲ್ಲ ಹಿರಿಯರೇ. ಒಂದೇ ಸೇರ್ಪಡೆ: ಅದು ಒಂದು ಆಟದ ಮಟ್ಟದ ಹರಡು. ರೇಟಿಂಗ್ ಹಲವು ಆಟಗಳ ಸರಾಸರಿಯಂತಿರುವುದರಿಂದ ಅದರ ಹರಡು ಕಡಿಮೆ. ಹಾಗಾಗಿ ಒಂದು ಆಟದಲ್ಲಿ 200 ಕೆಳಗೆ ಆಡುವುದು ಸಹಜ, ರೇಟಿಂಗೇ 200 ಕೆಳಗೆ ಬೀಳುವುದು ಸಹಜವಲ್ಲ. ಈ ಎರಡನ್ನು ಬೆರೆಸಿದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದು.


ಎಂಟನೇಮನೆ — ಮಂಗಳವಾರ, ರಾತ್ರಿ 8:50

ಪ್ರಶ್ನೆಗೆ ನೇರವಾಗಿ ಸೇರುವುದೋ ಇಲ್ಲವೋ, ನನ್ನ ಮಗಳ ವಿಷಯ. ಅವಳಿಗೆ ಹನ್ನೊಂದು ವರ್ಷ. ಫಿಡೆ ರೇಟಿಂಗ್ 1612 ಇತ್ತು. ಒಂದೇ ಟೂರ್ನಿಯಲ್ಲಿ 114 ಅಂಕ ಹೋಯಿತು, ಮುಂದಿನದರಲ್ಲಿ 70ಕ್ಕೂ ಹೆಚ್ಚು ಮರಳಿತು. ಅವಳು ನಗುತ್ತಲೇ ಇದ್ದಳು, ನಾನು ಎರಡು ವಾರ ನಿದ್ದೆ ಕೆಡಿಸಿಕೊಂಡೆ. ನಾನೂ ಆಡುತ್ತೇನೆ, ಆದರೆ ನನ್ನ ಅಂಕ ಇಷ್ಟು ಕುಣಿಯುವುದಿಲ್ಲ. ಏಕೆ?


ಹಳೇಗಡಿಯಾರ — ಮಂಗಳವಾರ, ರಾತ್ರಿ 9:20

ಇದಕ್ಕೆ ಉತ್ತರ ಸರಳವಿದೆ ತಾಯಿ. ಫಿಡೆ ಲೆಕ್ಕದಲ್ಲಿ ‘ಕೆ’ ಎಂಬ ಗುಣಕ ಇದೆ, ಒಂದು ಆಟದಿಂದ ಅಂಕ ಎಷ್ಟು ಏರಬೇಕು, ಇಳಿಯಬೇಕು ಎಂಬುದು ಅದರ ಮೇಲೆ ನಿಂತಿದೆ. ಹೊಸಬರಿಗೆ ಮೊದಲ ಮೂವತ್ತು ಆಟ ಮುಗಿಯುವವರೆಗೆ, ಹಾಗೂ 2300ಕ್ಕಿಂತ ಕೆಳಗಿರುವ ಹದಿನೆಂಟು ವರ್ಷದೊಳಗಿನವರಿಗೆ ಅದು 40. ಉಳಿದ ನಮ್ಮಂಥವರಿಗೆ 20. ಒಮ್ಮೆ 2400 ಮುಟ್ಟಿದವರಿಗೆ 10. ನಿಮ್ಮ ಮಗಳು 1612ರಲ್ಲಿದ್ದು 1400ರ ಮಗುವಿಗೆ ಸೋತರೆ 31 ಅಂಕ ಹೋಗುತ್ತದೆ. ನೀವೇ ಅದೇ ಜಾಗದಲ್ಲಿ ಸೋತಿದ್ದರೆ 15. ಮಕ್ಕಳು ಬೇಗ ಬಲಿಯುತ್ತಾರೆ, ಅಂಕವೂ ಬೇಗ ಹಿಂಬಾಲಿಸಲಿ ಎಂದೇ ಹಾಗಿಟ್ಟಿದ್ದಾರೆ. ಏರುವಾಗ ವರ, ಇಳಿಯುವಾಗ ಶಾಪ.

ಜೊತೆಗೆ ಅವಳ ಎದುರಾಳಿಗಳೂ ಮಕ್ಕಳೇ. 1400 ಎಂದು ಹಾಳೆಯಲ್ಲಿ ಇರುವ ಮಗು ಕಳೆದ ಮೂರು ತಿಂಗಳಲ್ಲಿ ಟೂರ್ನಿ ಆಡದೆ ಮನೆಯಲ್ಲೇ ಅಭ್ಯಾಸ ಮಾಡಿ 1650ರಷ್ಟು ಆಗಿರಬಹುದು. ಆ ಅಂಕಿ ಹಳೆಯ ಫೋಟೋ ಇದ್ದಂತೆ. ನನ್ನ ವಯಸ್ಸಿನವರು ಟೂರ್ನಿಗೆ ಹೋದಾಗ ಮೊದಲ ಸುತ್ತಿನಲ್ಲೇ ಇಂಥ ಫೋಟೋ ಎದುರು ಕೂತು ನಿಜವಾದ ಮಗುವಿಗೆ ಸೋತು ಬರುತ್ತೇವೆ.

ಇನ್ನೊಂದು ತಮಾಷೆ. 2024ರ ಮಾರ್ಚ್‌ನಲ್ಲಿ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿತು. 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆಯಿತ್ತೋ ಅದರ ನೂರಕ್ಕೆ ನಲವತ್ತರಷ್ಟನ್ನು ಸೇರಿಸಿಕೊಟ್ಟಿತು. ನಾನು 1500ರಲ್ಲಿದ್ದೆ. ಒಂದು ಕಾಲಾಳನ್ನೂ ಮುಟ್ಟದೆ 1700 ಆದೆ. ಅಂದು ನನ್ನ ಆಟ ಸುಧಾರಿಸಿತೇ? ಬಿದ್ದಾಗ ಅಳುವವರು ಆ ದಿನವನ್ನೂ ನೆನಪಿಟ್ಟುಕೊಳ್ಳಬೇಕು.


ಎಂಟನೇಮನೆ — ಮಂಗಳವಾರ, ರಾತ್ರಿ 9:31

ಹಳೆಯ ಫೋಟೋ! ಇದನ್ನು ಅವಳಿಗೆ ಓದಿ ಹೇಳಿದೆ. “ಹಾಗಾದರೆ ನನ್ನದೂ ಹಳೆಯ ಫೋಟೋನೇ ಅಲ್ಲವೇ ಅಮ್ಮ” ಎಂದಳು.


ಮಧ್ಯರಾತ್ರಿಬುಲೆಟ್ — ಬುಧವಾರ, ಬೆಳಿಗ್ಗೆ 8:10

ಲೆಕ್ಕ, ಇತಿಹಾಸ ಎಲ್ಲ ಸರಿ. ಆದರೆ 1190ಕ್ಕೆ ಹೇಗೆ ಹೋಗುತ್ತಾರೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಆ ದಾರಿಯಲ್ಲಿ ನಾನು ಪ್ರತಿ ತಿಂಗಳೂ ಓಡಾಡುತ್ತೇನೆ.

ಮೊದಲ ಸೋಲು ನ್ಯಾಯವಾದ ಸೋಲು. ಎರಡನೆಯದು ಗೆಲ್ಲಬೇಕಾಗಿದ್ದ ಆಟ, ಗಡಿಯಾರದಲ್ಲಿ ಸಮಯ ಮುಗಿದು ಸೋತದ್ದು. ಆಗ ಎದೆಯಲ್ಲಿ ಏನೋ ಬಿಸಿಯಾಗುತ್ತದೆ. ಮುಂದಿನ ಆಟದ ಬಟನ್ ಒತ್ತುವ ಬೆರಳು ನನ್ನ ಅಪ್ಪಣೆಗೆ ಕಾಯುವುದಿಲ್ಲ. ಮೂರನೆಯದನ್ನು ಆ ಹೊಸ ಎದುರಾಳಿಯ ವಿರುದ್ಧ ಆಡುವುದೇ ಇಲ್ಲ, ಹಿಂದಿನವನ ವಿರುದ್ಧ ಆಡುತ್ತಿರುತ್ತೇನೆ. ಅವನು ಏನು ಮಾಡುತ್ತಿದ್ದಾನೆಂದು ನೋಡುವ ತಾಳ್ಮೆ ಇಲ್ಲ, ಹತ್ತು ನಡೆಯೊಳಗೆ ಕೆಡವಬೇಕು. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ನನ್ನ ಕೋಪ ನನ್ನ ಮಂತ್ರಿಗೆ ಮೂಲ. ಆಮೇಲೆ ಐದು ನಿಮಿಷದಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯುತ್ತೇನೆ, ಕಳೆದದ್ದು ಬೇಗ ವಾಪಸ್ ಬರಲಿ ಎಂದು. ಅದು ಬೇಗ ಹೋಗುತ್ತದೆ ಅಷ್ಟೇ.

ಪೋಕರ್ ಆಡುವವರು ಇದಕ್ಕೆ ಟಿಲ್ಟ್ ಎನ್ನುತ್ತಾರೆ, ಚೆಸ್‌ನವರೂ ಆ ಪದವನ್ನು ಎತ್ತಿಕೊಂಡಿದ್ದಾರೆ. ಒಂದು ರಾತ್ರಿ ಹನ್ನೊಂದು ಆಟ ಸತತ ಸೋತಿದ್ದೇನೆ. ಹನ್ನೆರಡನೆಯದನ್ನು ಗೆದ್ದು “ಈಗ ಸರಿಹೋಯಿತು” ಎಂದು ಮಲಗಿದೆ. ಆ ಸಮಾಧಾನ ಎಂಥದ್ದೆಂದು ನೆನೆಸಿಕೊಂಡರೆ ಇಂದಿಗೂ ನಗು ಬರುತ್ತದೆ.


ಕಪ್ಪುಕಾಯಿ — ಬುಧವಾರ, ಬೆಳಿಗ್ಗೆ 10:00

ಅದು ನಿಮ್ಮ ಸ್ವಭಾವ. ನಾನು ಶಾಂತವಾಗಿ ಆಡಿಯೂ ಸೋಲುತ್ತೇನೆ. ಮೊನ್ನೆ ಒಂದು ಆಟದಲ್ಲಿ ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಕಂಪ್ಯೂಟರ್) ನನ್ನ ನಿಖರತೆಯನ್ನು ಶೇಕಡಾ 92 ಎಂದಿತು. ನಿನ್ನೆ 61. ಒಂದೇ ದಿನದಲ್ಲಿ ಮೆದುಳು ಮೂರನೇ ಒಂದರಷ್ಟು ಕುಗ್ಗುತ್ತದೆಯೇ?


ಲೆಕ್ಕಿಗ — ಬುಧವಾರ, ಬೆಳಿಗ್ಗೆ 10:25

ಆ 92ರ ಆಟ ಎಷ್ಟು ನಡೆಗಳದ್ದು? ಎದುರಾಳಿ ಯಾವಾಗ ಕಾಯಿ ಕಳೆದುಕೊಂಡ?


ಕಪ್ಪುಕಾಯಿ — ಬುಧವಾರ, ಬೆಳಿಗ್ಗೆ 10:31

ಹತ್ತೊಂಬತ್ತು ನಡೆ. ಅವನು ಎಂಟನೆಯದರಲ್ಲಿ ಆನೆ ಕಳೆದುಕೊಂಡ.


ಲೆಕ್ಕಿಗ — ಬುಧವಾರ, ಬೆಳಿಗ್ಗೆ 10:40

ಅಲ್ಲಿಗೆ ಮುಗಿಯಿತು. ಎಂಟು ನಡೆ ಪುಸ್ತಕದ ಓಪನಿಂಗ್, ಅಂದರೆ ಕಲಿತಿಟ್ಟುಕೊಂಡ ಆರಂಭದ ನಡೆಗಳು, ಉಳಿದ ಹನ್ನೊಂದು ನಡೆ ಇಡೀ ಆನೆ ಹೆಚ್ಚಿಟ್ಟುಕೊಂಡು. ಕಣ್ಣಿಗೆ ಕಂಡ ನಡೆಯೇ ಒಳ್ಳೆಯ ನಡೆ. 61ರ ಆಟ ಎರಡೂ ಕಡೆ ರಾಜ ಬಯಲಿಗೆ ಬಿದ್ದು ಪ್ರತಿ ನಡೆಯಲ್ಲೂ ಒಂದೇ ದಾರಿ ಇದ್ದ ಆಟ ಆಗಿರಬೇಕು. ಆ ಶೇಕಡಾವಾರು ನಿಮ್ಮ ಮೆದುಳನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಸ್ಥಿತಿ ಎಷ್ಟು ಕಠಿಣವಾಗಿತ್ತು ಎಂಬುದನ್ನು ಅಳೆಯುತ್ತದೆ.


ಇ4ಮಾತ್ರ — ಬುಧವಾರ, ಮಧ್ಯಾಹ್ನ 12:15

ಒಂಟೆಸವಾರರೇ, ಒಂದು ಅನುಮಾನ. ಈ ನಡುವೆ ಓಪನಿಂಗ್ ಬದಲಿಸಿದಿರಾ?


ಒಂಟೆಸವಾರ — ಬುಧವಾರ, ಮಧ್ಯಾಹ್ನ 12:50

ಹೇಗೆ ಗೊತ್ತಾಯಿತು? 1480 ಮುಟ್ಟಿದ ಹುಮ್ಮಸ್ಸಿನಲ್ಲಿ ಕಪ್ಪು ಕಾಯಿ ಬಂದಾಗ ಸಿಸಿಲಿಯನ್ ಎಂಬ ಓಪನಿಂಗ್ ಶುರುಮಾಡಿದೆ. ಮೊದಲು, ಬಿಳಿಯವನು ಕಾಲಾಳನ್ನು ಇ4 ಮನೆಗೆ ಇಟ್ಟರೆ ನಾನು ನನ್ನದನ್ನು ಇ5 ಮನೆಗೆ ಇಡುತ್ತಿದ್ದೆ.


ಇ4ಮಾತ್ರ — ಬುಧವಾರ, ಮಧ್ಯಾಹ್ನ 1:10

ಎಲ್ಲರೂ ಏರಿದಾಗಲೇ ಬದಲಿಸುತ್ತಾರೆ, ಅದಕ್ಕೇ ಕೇಳಿದೆ. ನಾನು ಒಮ್ಮೆ ಕಪ್ಪಿನ ಓಪನಿಂಗ್ ಬದಲಿಸಿ ನೂರಕ್ಕೂ ಹೆಚ್ಚು ಅಂಕ ಕಳೆದುಕೊಂಡೆ. ನಡೆಗಳ ಸಾಲು ನೆನಪಿಲ್ಲದಿರುವುದು ದೊಡ್ಡ ತೊಂದರೆಯಲ್ಲ. ಹಳೆಯ ಓಪನಿಂಗ್‌ನಲ್ಲಿ ಕುದುರೆ ಎಲ್ಲಿಗೆ ಹೋಗಬೇಕು, ಯಾವ ಕಾಲಾಳನ್ನು ಮುಟ್ಟಬಾರದು ಎಂಬುದು ಕೈಗೇ ಗೊತ್ತಿರುತ್ತದೆ. ಹೊಸದರಲ್ಲಿ ಆ ಚಿಕ್ಕ ಚಿಕ್ಕ ಪ್ರಶ್ನೆಗಳಿಗೆಲ್ಲ ಗಡಿಯಾರದ ಸೆಕೆಂಡುಗಳನ್ನು ಕೊಡಬೇಕು. ಹದಿನೈದನೇ ನಡೆಗೆ ಬರುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ. ಹಾಗೆಂದು ಬದಲಿಸಲೇಬೇಡಿ ಎನ್ನುವುದಿಲ್ಲ. ಇಳಿಯುತ್ತದೆ ಎಂದು ಗೊತ್ತಿದ್ದು ಬದಲಿಸಿ.


ಹಳೇಗಡಿಯಾರ — ಬುಧವಾರ, ಸಂಜೆ 5:40

ಸೆಕೆಂಡುಗಳ ಮಾತು ಬಂದದ್ದರಿಂದ ನನ್ನ ಅಭ್ಯಾಸವೊಂದನ್ನು ಹೇಳುತ್ತೇನೆ. ಟೂರ್ನಿಯಲ್ಲಿ ನಡೆ ಬರೆಯುವ ಹಾಳೆಯ ಮೇಲೆ ಗಡಿಯಾರದ ಸಮಯ ಬರೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ನಾನು ಪ್ರತಿ ನಡೆಯ ಪಕ್ಕದಲ್ಲಿ ಉಳಿದ ನಿಮಿಷ ಬರೆಯುತ್ತೇನೆ. ಒಂದು ವರ್ಷದ ಹಾಳೆಗಳನ್ನು ಹರವಿಕೊಂಡು, ಸೋತ ಆಟಗಳಲ್ಲಿ ಯಾವ ನಡೆ ನನ್ನನ್ನು ಮುಳುಗಿಸಿತೋ ಅದಕ್ಕೆ ಎಷ್ಟು ಹೊತ್ತು ಕೊಟ್ಟೆ ಎಂದು ನೋಡಿದೆ. ಸಮಯ ಸಾಲದೆ ಸೋತಿರಬೇಕು ಎಂದು ನನ್ನ ನಂಬಿಕೆ. ಆದರೆ ಹಾಳೆ ಬೇರೆ ಮಾತು ಹೇಳಿತು. ಒಂದರಲ್ಲಿ ಇಪ್ಪತ್ತಮೂರನೇ ನಡೆ, ಗಡಿಯಾರದಲ್ಲಿ 51 ನಿಮಿಷ, ಮುಂದಿನ ಸಾಲಿನಲ್ಲೂ 51. ನಿಮಿಷವೂ ಯೋಚಿಸಿಲ್ಲ. ಅವನು ನನ್ನ ಕುದುರೆಯನ್ನು ಹೊಡೆದ, ನಾನು ತಿರುಗಿ ಹೊಡೆದೆ. ಹೊಡೆದದ್ದಕ್ಕೆ ಹೊಡೆಯುವುದು ಯೋಚಿಸಬೇಕಾದ ಸಂಗತಿ ಎಂದು ಅನಿಸಲೇ ಇಲ್ಲ. ತಿರುಗಿ ಹೊಡೆಯುವ ಮುನ್ನ, ನಡುವೆ ಒಂದು ಚೆಕ್ (ರಾಜನ ಮೇಲಿನ ನೇರ ದಾಳಿ) ಇತ್ತು.

ಕ್ರಾಮ್ನಿಕ್ ವಿಶ್ವ ಚಾಂಪಿಯನ್ ಆಗಿದ್ದಾಗ, 2006ರ ನವೆಂಬರ್‌ನಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಕಂಪ್ಯೂಟರ್ ವಿರುದ್ಧ ಒಂದೇ ನಡೆಯ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದೆ ಆಟ ಮುಗಿಯುವುದು) ನೋಡದೆ ಮಂತ್ರಿಯನ್ನು ಬೇರೆಡೆ ಇಟ್ಟರು. ಎಚ್7ರಲ್ಲಿ ಮೇಟ್. ದೊಡ್ಡವರಿಗೂ ಹೀಗಾಗುತ್ತದೆ ಎಂದು ಸಮಾಧಾನಕ್ಕೆ ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರಿಂದ ಸಮಾಧಾನವಿಲ್ಲ. ಅವರು ಒಮ್ಮೆ ಮಾಡಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ನಾವು ವಾರಕ್ಕೆ ಮೂರು ಸಲ ಮಾಡುತ್ತೇವೆ, ಪಕ್ಕದ ಮಣೆಯವನೂ ತಿರುಗಿ ನೋಡುವುದಿಲ್ಲ. ಹವ್ಯಾಸಿಯ ಏರಿಳಿತ ಹೆಚ್ಚಿರುವುದು ಇಲ್ಲಿಯೇ. ಅವರ ಆಟ ತೀರ್ಮಾನವಾಗುವುದು ಹತ್ತಾರು ಸಣ್ಣ ಅನುಕೂಲಗಳ ಮೊತ್ತದಿಂದ. ನಮ್ಮದು ಒಂದೋ ಎರಡೋ ದೊಡ್ಡ ತಪ್ಪಿನಿಂದ, ಅದನ್ನು ಎದುರಿನವನು ಕಂಡನೋ ಇಲ್ಲವೋ ಎಂಬುದರಿಂದ.


ಒಂಟೆಸವಾರ — ಗುರುವಾರ, ಸಂಜೆ 7:00

ನಿಮ್ಮೆಲ್ಲರ ಮಾತು ಕೇಳಿ ಆರು ವಾರದ ಆಟಗಳನ್ನು ಎಣಿಸಿದೆ. ಡ್ರಾ ಆದ ಆರೇಳನ್ನು ಬಿಟ್ಟು 210 ಆಟ. 96 ಗೆಲುವು, 114 ಸೋಲು.

ಮಧ್ಯರಾತ್ರಿಬುಲೆಟ್ ಹೇಳಿದ್ದು ನೂರಕ್ಕೆ ನೂರು ನಿಜ. ಮೂರೇ ಆಟಕ್ಕೆ ನಿಲ್ಲಿಸಿ ಎದ್ದ ದಿನಗಳಲ್ಲಿ 18 ಆಟಕ್ಕೆ 12 ಗೆಲುವು, ಶೇಕಡಾ 67. ಅದಕ್ಕಿಂತ ಹೆಚ್ಚು ಕೂತ ದಿನಗಳಲ್ಲಿ 192 ಆಟಕ್ಕೆ 84 ಗೆಲುವು, ಶೇಕಡಾ 44. ಬೇರೆ ಸಾಕ್ಷಿ ಬೇಕೇ?


ಲೆಕ್ಕಿಗ — ಗುರುವಾರ, ಸಂಜೆ 7:25

ಬೇಕು. ಈ ಎಣಿಕೆ ಮೋಸ ಮಾಡುತ್ತದೆ.

ನೀವು ಯಾವಾಗ ಏಳುತ್ತೀರಿ? ಗೆದ್ದಾಗ. ಯಾವಾಗ ಕೂರುತ್ತೀರಿ? ಸೋತಾಗ. ಹಾಗಾದರೆ ಚಿಕ್ಕ ದಿನಗಳೆಲ್ಲ ಗೆಲುವಿನ ದಿನಗಳೂ ಉದ್ದದ ದಿನಗಳೆಲ್ಲ ಸೋಲಿನ ದಿನಗಳೂ ಆಗಲೇಬೇಕು. ನಾಣ್ಯ ಚಿಮ್ಮುವವನೂ “ಗೆದ್ದರೆ ಏಳುತ್ತೇನೆ” ಎಂದು ಕೂತರೆ ಇದೇ ಅಂಕಿ ಬರುತ್ತದೆ, ಅವನಿಗೆ ಕೋಪವೂ ಇಲ್ಲ, ನಿದ್ದೆಗಣ್ಣೂ ಇಲ್ಲ. ಮಧ್ಯರಾತ್ರಿಬುಲೆಟ್ ಹನ್ನೆರಡನೆಯದನ್ನು ಗೆದ್ದು ಮಲಗಿದ್ದು ಇದಕ್ಕೆ ಒಳ್ಳೆಯ ಉದಾಹರಣೆ.

ದಿನದ ಪ್ರಕಾರ ಎಣಿಸಬೇಡಿ. ಆ ಕೂತಲ್ಲಿ ಅದು ಎಷ್ಟನೇ ಆಟ ಎಂದು ಎಣಿಸಿ. ನಾಣ್ಯಕ್ಕಾದರೆ ಮೊದಲನೆಯದೂ ಒಂಬತ್ತನೆಯದೂ ಒಂದೇ. ನಿಮಗೆ ಒಂದೇ ಆಗಿರದಿದ್ದರೆ ಮಾತ್ರ ಅಲ್ಲೇನೋ ಇದೆ.


ಮಧ್ಯರಾತ್ರಿಬುಲೆಟ್ — ಗುರುವಾರ, ಸಂಜೆ 7:40

ನನ್ನ ಸಂಕಟವನ್ನೂ ನಾಣ್ಯಕ್ಕೆ ಹೋಲಿಸಿಬಿಟ್ಟಿರಿ. ಆದರೂ ಎಣಿಸಿ, ನನಗೂ ಕುತೂಹಲ.


ಒಂಟೆಸವಾರ — ಶುಕ್ರವಾರ, ಸಂಜೆ 6:20

ಎಣಿಸಿದೆ.

ಕೂತಲ್ಲಿ ಮೊದಲ ಮೂರರೊಳಗಿನ ಆಟಗಳು 96, ಗೆಲುವು 50.
ನಾಲ್ಕರಿಂದ ಆರನೆಯವು 72, ಗೆಲುವು 33.
ಏಳನೆಯದರಿಂದ ಮುಂದಿನವು 42, ಗೆಲುವು 13.

ಕೊನೆಯ ಸಾಲನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಆ 29 ಸೋಲುಗಳನ್ನು ಒಂದೊಂದಾಗಿ ತೆರೆದೆ. ಒಂದನ್ನು ಇಲ್ಲಿ ಹೇಳುತ್ತೇನೆ. ಅಂದಿನ ಒಂಬತ್ತನೇ ಆಟ, ನನ್ನದು ಬಿಳಿ. ಎರಡು ಕಾಲಾಳು ಹೆಚ್ಚು, ಗಡಿಯಾರದಲ್ಲಿ ಎರಡು ನಿಮಿಷ ಹತ್ತು ಸೆಕೆಂಡು. ರಾಜ ಜಿ1ರಲ್ಲಿ, ಅವನ ಮುಂದೆ ಎಫ್2, ಜಿ2, ಎಚ್2 ಕಾಲಾಳುಗಳು ಹುಟ್ಟಿದ ಜಾಗದಿಂದ ಅಲುಗಿಲ್ಲ. ಎ1ರಲ್ಲಿದ್ದ ನನ್ನ ಆನೆಯೊಂದೇ ಮೊದಲ ಸಾಲನ್ನು ಕಾಯುತ್ತಿತ್ತು. ಎ7ರಲ್ಲಿ ಕಾವಲಿಲ್ಲದ ಕಾಲಾಳು ಕಂಡಿತು. ಆನೆಯಿಂದ ಹೊಡೆದೆ. ಕಪ್ಪಿನ ಆನೆ ಇ8ರಿಂದ ಇ1ಕ್ಕೆ ಇಳಿಯಿತು, ಮೇಟ್.

ಆ ನಡೆಗೆ ನಾನು ಕೊಟ್ಟದ್ದು ಒಂದು ಸೆಕೆಂಡಿಗಿಂತ ಕಡಿಮೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನ ತಮ್ಮನ ಮಗನಿಗೆ ನಾನೇ ಕಲಿಸಿದ ಮೊದಲ ಪಾಠ ಇದು: ಎಚ್ ಕಾಲಾಳನ್ನು ಒಂದು ಮನೆ ಮುಂದಿಟ್ಟು ರಾಜನಿಗೆ ಕಿಟಕಿ ಮಾಡಿಕೊಡು ಎಂದು.

29ರಲ್ಲಿ ಇಂಥ ಒಂದೇ ಉಸಿರಿನ ತಪ್ಪುಗಳು 17. ಸಿಸಿಲಿಯನ್ ತಪ್ಪಿ ಸೋತದ್ದು ನಾಲ್ಕು ಮಾತ್ರ. ಇ4ಮಾತ್ರ ಅವರಿಗೆ ನಿರಾಸೆಯಾಗಬಹುದು.


ಇ4ಮಾತ್ರ — ಶುಕ್ರವಾರ, ಸಂಜೆ 6:35

ನಿರಾಸೆಯೇನಿಲ್ಲ. ಆದರೆ ಮೊದಲ ಆರು ಆಟಗಳ ಸೋಲುಗಳಲ್ಲಿ ಸಿಸಿಲಿಯನ್ ಎಷ್ಟು ಎಂದು ನೀವು ಹೇಳಿಲ್ಲ. ಕಾಯುತ್ತಿದ್ದೇನೆ.


ಲೆಕ್ಕಿಗ — ಶುಕ್ರವಾರ, ರಾತ್ರಿ 8:00

ಈಗ ಮಾತಾಡಬಹುದು. 42 ಆಟಕ್ಕೆ ನಾಣ್ಯ ಕೊಡುವುದು 21 ಗೆಲುವು, ಮೂರು ಹೆಚ್ಚು ಕಡಿಮೆ. ನಿಮ್ಮದು 13. ಬರೀ ಅದೃಷ್ಟದಿಂದ ಅಷ್ಟು ಕೆಳಗೆ ಬೀಳುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ಅಷ್ಟೊತ್ತಿಗೆ ನಿಮ್ಮ ರೇಟಿಂಗ್ ಇಳಿದು ಎದುರಾಳಿಗಳೂ ದುರ್ಬಲರಾಗಿರುತ್ತಾರೆ, ಆದ್ದರಿಂದ ಅಂಕಿ ತೋರಿಸುವುದಕ್ಕಿಂತ ಪರಿಸ್ಥಿತಿ ಕೆಟ್ಟದ್ದು. ಗೆಲುವಿಗಿಂತ ಸೋಲು ಒಟ್ಟು 18 ಹೆಚ್ಚು, ಎಂಟರಿಂದ ಗುಣಿಸಿದರೆ 144, ಅದೇ 1480ಕ್ಕೂ 1336ಕ್ಕೂ ಇರುವ ಅಂತರ. ಆ 18ರಲ್ಲಿ 16 ಬಂದದ್ದು ಏಳನೇ ಆಟದ ಆಚೆಗೆ.

ಎರಡು ತಕರಾರು ಉಳಿಯುತ್ತದೆ. ಒಂದು, ಇದು ದಣಿವೋ ಕೋಪವೋ ಅಥವಾ ಮೊದಲೇ ಮನಸ್ಸು ಸರಿಯಿಲ್ಲದ ದಿನಗಳಲ್ಲೇ ನೀವು ಏಳನೇ ಆಟದವರೆಗೆ ಹೋಗುತ್ತೀರೋ, ಈ ಪಟ್ಟಿ ಹೇಳುವುದಿಲ್ಲ. ಎರಡು, 72ಕ್ಕೆ 33 ಎಂಬುದರಲ್ಲಿ ಏನೂ ಇಲ್ಲ, ನಾಣ್ಯವೂ ಅಷ್ಟು ಕೊಡುತ್ತದೆ. ಆದ್ದರಿಂದ ನೀವು ಮೂರಕ್ಕೇ ಏಳಬೇಕು ಎಂಬುದಕ್ಕೆ ಸಾಕ್ಷಿಯಿಲ್ಲ. ಆರರವರೆಗೆ ಆಡಬಹುದು.


ಒಂಟೆಸವಾರ — ಶುಕ್ರವಾರ, ರಾತ್ರಿ 8:12

ಲೆಕ್ಕದ ಪ್ರಕಾರ ಆರು ಸರಿ. ಆದರೆ ಆರರ ಹೊತ್ತಿಗೆ ನಾನು ಎಣಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಮೂರಕ್ಕೆ ಇಟ್ಟುಕೊಂಡಿದ್ದೇನೆ.


ಕಪ್ಪುಕಾಯಿ — ಶುಕ್ರವಾರ, ರಾತ್ರಿ 8:30

ಆರಕ್ಕೇರದೆ ಮೂರಕ್ಕಿಳಿಯದೆ ಎಂಬ ಮಾತಿಗೆ ಹೊಸ ಅರ್ಥ ಬಂತು. ನಾನೂ ನನ್ನ ಆಟಗಳನ್ನು ಎಣಿಸುತ್ತಿದ್ದೇನೆ. ಆದರೂ ಐದನೆಯವನು ರಾಕ್ಷಸನೇ.


ಮಧ್ಯರಾತ್ರಿಬುಲೆಟ್ — ಶುಕ್ರವಾರ, ರಾತ್ರಿ 10:55

ಒಂಟೆಸವಾರರೇ, ಇಷ್ಟೆಲ್ಲ ಮಾತಾಡಿದ್ದೇವೆ, ಒಂದು ಆಟ ಆಡೋಣವೇ? ಈಗಲೇ, ಐದು ನಿಮಿಷ, ನಿಮಗೆ ಬಿಳಿ.


ಒಂಟೆಸವಾರ — ಶುಕ್ರವಾರ, ರಾತ್ರಿ 10:58

ಇವತ್ತಿನ ಮೂರು ಮುಗಿದವು. ಮೂರೂ ಸೋತೆ. ನಾಳೆ ಸಂಜೆ ಏಳಕ್ಕೆ ಬನ್ನಿ.